ಗುರುವಾರದ ರಜಾ ಅರ್ಜಿ

ಯಲಹಂಕದ ಆಚೆಗಿರುವ ನಮ್ಮ ಖಾಸಗಿ ಕಾಲೇಜಿನಲ್ಲಿ ನನಗಿರುವ ಅಧಿಕಾರ ಒಂದೇ. ಆಫೀಸಿನವರ ರಜಾ ಅರ್ಜಿಗೆ ಮೊದಲು ನಾನು ಸಹಿ ಹಾಕಬೇಕು, ಆಮೇಲೆ ಪ್ರಿನ್ಸಿಪಾಲರು ಕಣ್ಣುಮುಚ್ಚಿ ಹಾಕುತ್ತಾರೆ. ಹೆಸರಿಗೆ ಸೂಪರಿಂಟೆಂಡೆಂಟ್. ಇಷ್ಟು ಸಣ್ಣ ಅಧಿಕಾರ ಇಟ್ಟುಕೊಂಡು ಒಬ್ಬರಿಗೆ ಎಷ್ಟು ಅನ್ಯಾಯ ಮಾಡಬಹುದು ಎಂದು ಯಾರಾದರೂ ಕೇಳಿದರೆ, ಕಳೆದ ತಿಂಗಳು ನಿವೃತ್ತರಾದ ನಮ್ಮ ಪರೀಕ್ಷಾ ವಿಭಾಗದ ಆ ಹೆಂಗಸಿನ ಫೈಲು ತೆಗೆದು ತೋರಿಸಬಲ್ಲೆ.

ಅವರ ಹೆಸರು ಬರೆಯುವುದಿಲ್ಲ. ಹೇಳಬೇಕಾಗಿದ್ದ ಹೊತ್ತಿನಲ್ಲಿ ಹೇಳಲಿಲ್ಲ, ಈಗ ಬರೆದು ದೊಡ್ಡಸ್ತಿಕೆ ಮಾಡುವುದು ಬೇಡ. ಗದಗದ ಕಡೆಯವರು. ಗಂಡನಿಗೆ ಯಶವಂತಪುರದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಬಂದು ಅಬ್ಬಿಗೆರೆಯಲ್ಲಿ ಮನೆ ಮಾಡಿದ್ದರು. ನನಗಿಂತ ಆರು ವರ್ಷಕ್ಕೆ ದೊಡ್ಡವರು, ಆದರೆ ಕುರ್ಚಿಯಲ್ಲಿ ನಾನು ಮೇಲಿನವಳು. ಹಾಗಾಗಿ ಕೊನೆಯ ದಿನದವರೆಗೂ ನಾನು ಅವರಿಗೆ ‘ಮೇಡಮ್ರೀ’.

ಅವರ ಕೈಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಬಸ್ ಟಿಕೆಟ್ಟು, ತಪ್ಪಾಗಿ ಅಚ್ಚಾದ ಹಾಲ್ ಟಿಕೆಟ್ಟು, ಏನು ಸಿಕ್ಕಿದರೂ ಮಾತಾಡುತ್ತಲೇ ಒಂದೇ ಅಳತೆಯ ನೆರಿಗೆ ಹಿಡಿದುಬಿಡುವರು. ಎದುರಿನವರ ಮಾತು ಮುಗಿಯುವಷ್ಟರಲ್ಲಿ ಅವರ ಕೈಯಲ್ಲಿ ಒಂದು ಪುಟ್ಟ ಬೀಸಣಿಗೆ ತಯಾರು. ಒಮ್ಮೆ ಆಡಳಿತ ಮಂಡಳಿಯಿಂದ ಸುತ್ತೋಲೆ ಬಂತು. ಯಾರೋ ಇಬ್ಬರು ಲೆಕ್ಚರರು ಹೊರಗೆ ಟ್ಯೂಷನ್ ನಡೆಸುತ್ತಿದ್ದರಂತೆ, ಅದಕ್ಕೆ ನೌಕರರು ಯಾರೂ ಬೇರೆ ವ್ಯವಹಾರದಲ್ಲಿ ತೊಡಗಕೂಡದು ಎಂದು. ಎಲ್ಲರೂ ಓದಿ ಸಹಿ ಹಾಕಬೇಕಿತ್ತು. ಇವರೂ ಹಾಕಿದರು. ಹಾಕಿ, ಆ ಸುತ್ತೋಲೆಯನ್ನೇ ನೆರಿಗೆ ಹಿಡಿದು ನನ್ನ ಮೇಜಿನ ಮೇಲಿಟ್ಟರು. ಇದರ ಅರ್ಥವೇನೆಂದು ಕೇಳಿದರೆ ತಣ್ಣಗೆ ಹೇಳಿದರು: “ನೌಕರಿ ಹೊಟ್ಟಿಗೆ ಐತ್ರಿ ಮೇಡಮ್ರೀ. ಅದು ಕೈಗೆ. ಕೈ ಏನು ವ್ಯವಹಾರ ಮಾಡತೈತ್ರಿ?”

‘ಅದು’ ಅಂದರೆ ವರಮಹಾಲಕ್ಷ್ಮಿಗೆ ಸೀರೆ ಉಡಿಸುವ ಕೆಲಸ. ನಮ್ಮ ಬೆಂಗಳೂರಿನಲ್ಲಿ ಈ ಹಬ್ಬ ಈಗ ಮೊದಲಿನ ಹಾಗಿಲ್ಲ. ಒಂದು ಕಾಲಕ್ಕೆ ಕಲಶಕ್ಕೆ ರವಿಕೆ ಕಣ ಸುತ್ತಿ, ಅರಿಶಿನ ಹಚ್ಚಿದ ತೆಂಗಿನಕಾಯಿ ಇಟ್ಟರೆ ಮುಗಿಯುತ್ತಿತ್ತು. ಈಗ ಬೆಳ್ಳಿಯ ಮುಖ ಬೇಕು, ಕೈಕಾಲು ಬೇಕು, ಜಡೆ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ರೇಷ್ಮೆ ಸೀರೆ ಬೇಕು, ಅದೂ ಪಕ್ಕದ ಮನೆಯ ಲಕ್ಷ್ಮಿಗಿಂತ ಚೆನ್ನಾಗಿ ಉಟ್ಟಿರಬೇಕು. ಆರು ಗಜದ ಸೀರೆಯನ್ನು ಎರಡು ಅಡಿಯ ದೇವರಿಗೆ ಉಡಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಉಡಿಸಲು ಹೋದವರ ಮನೆಗಳಲ್ಲಿ ಹಬ್ಬದ ಹಿಂದಿನ ದಿನ ಜಗಳ ಗ್ಯಾರಂಟಿ.

ಅವರ ಕಡೆ ಇಷ್ಟೆಲ್ಲ ಇಲ್ಲವಂತೆ. ಇಲ್ಲಿಗೆ ಬಂದ ಮೇಲೆ, ಬಾಡಿಗೆ ಮನೆಯ ಒಡತಿ ಸೀರೆಯೊಡನೆ ಗುದ್ದಾಡುವುದನ್ನು ನೋಡಲಾರದೆ ಒಂದು ವರ್ಷ ತಾವೇ ಕೈ ಹಾಕಿದರಂತೆ. ಅಲ್ಲಿಂದ ಶುರು. ನನ್ನ ಕಣ್ಣಿಗೆ ಅದು ಬಿದ್ದದ್ದು ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ. ಆಫೀಸಿನ ಮೂಲೆಯಲ್ಲಿ ಖಾಲಿಯಾದ ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಸಭೆಗೆ ಹಾಸುವ ಹಸಿರು ಮೇಜುಬಟ್ಟೆ ಉಟ್ಟು ನಿಂತಿತ್ತು. ಬೈಯಬೇಕೆಂದೇ ಎದ್ದು ಹೋದೆ. ಹತ್ತಿರ ಹೋದ ಮೇಲೆ ಬೈಯಲಾಗಲಿಲ್ಲ. ಸೆರಗು ಎಡಗಡೆಯಿಂದ ಇಳಿದು ಮುಂದಕ್ಕೆ ಬಂದ ರೀತಿಗೆ, ಆ ಪ್ಲಾಸ್ಟಿಕ್ ಕ್ಯಾನು ಈಗ ಬಾಯಿ ಬಿಟ್ಟು ಯಾರನ್ನೋ ಊಟಕ್ಕೆ ಕರೆಯುತ್ತದೆ ಅನ್ನಿಸಿತು. ಅವತ್ತು ಯಾರೂ ಅದನ್ನು ಬಿಚ್ಚಲು ಒಪ್ಪಲಿಲ್ಲ. ನೀರಿನವನು ಬಂದು ಕ್ಯಾನು ಕೇಳಿದಾಗಲೇ ಬಿಚ್ಚಿದ್ದು.

ಅವರು ಪಿನ್ನು ಚುಚ್ಚುತ್ತಿರಲಿಲ್ಲ. ರೇಷ್ಮೆಗೆ ಒಮ್ಮೆ ತೂತಾದರೆ ಆಗಿಹೋಯಿತು, ದೇವಿ ಉಟ್ಟ ಸೀರೆಯನ್ನು ನಾಳೆ ಮನೆಯ ಹೆಣ್ಣುಮಗಳು ಉಡಬೇಡವೇ ಎನ್ನುವರು. ಪಿನ್ನಿನ ಬದಲಿಗೆ ಅವರು ಕಂಡುಕೊಂಡಿದ್ದು ನಮ್ಮ ಆಫೀಸಿನ ಟ್ಯಾಗು. ಉತ್ತರಪತ್ರಿಕೆಗೆ ಹೆಚ್ಚುವರಿ ಹಾಳೆ ಕಟ್ಟುತ್ತಾರಲ್ಲ, ಎರಡು ತುದಿಗೂ ತಗಡಿನ ಮೂತಿಯಿರುವ ಬಿಳಿ ದಾರ, ಅದು. ನೆರಿಗೆಗಳನ್ನೆಲ್ಲ ಸೊಂಟದ ಹತ್ತಿರ ಒಟ್ಟುಮಾಡಿ ಒಳಗಡೆ ಕಾಣದ ಹಾಗೆ ಒಂದು ಕುಣಿಕೆ ಹಾಕುವರು. ಶನಿವಾರ ಕಲಶ ಕದಲಿಸಿದ ಮೇಲೆ ತುದಿ ಹಿಡಿದು ಎಳೆದರೆ ಇಡೀ ಸೀರೆ ಸಡಿಲಾಗಿ ಕೈಗೆ ಬರುತ್ತಿತ್ತು. ಕಾಲೇಜಿನ ಟ್ಯಾಗು ದೇವರ ಸೊಂಟಕ್ಕೆ ಹೋದರೆ ಆಡಿಟ್‌ನವರಿಗೆ ನಾನೇನು ಲೆಕ್ಕ ಕೊಡಲಿ ಎಂದು ರೇಗಿಸಿದ್ದೆ. “ಲಕ್ಷ್ಮೀನೂ ಅಡಿಷನಲ್ ಶೀಟ್ ತಗೊಂಡಾಳ ಅಂತ ಬರೀರಿ” ಎಂದಿದ್ದರು.

ವರ್ಷಕ್ಕೆ ಎರಡು ಮನೆ ಐದಾಯಿತು, ಐದು ಹತ್ತಾಯಿತು. ಹಬ್ಬ ಶುಕ್ರವಾರ, ಉಡಿಸುವುದು ಗುರುವಾರ. ಆ ಒಂದು ಗುರುವಾರಕ್ಕೆ ಅವರು ವರ್ಷವಿಡೀ ತಯಾರಾಗುವರು. ಜ್ವರ ಬಂದರೂ ರಜೆ ಹಾಕದೆ ಉಳಿಸಿಕೊಂಡು, ಶ್ರಾವಣದಲ್ಲಿ ನನ್ನ ಮುಂದೆ ಅರ್ಜಿ ಇಡುವರು. ಕಾರಣ ಎಂಬಲ್ಲಿ ಪ್ರತಿವರ್ಷ ಅದೇ ಮಾತು, ‘ಸ್ವಂತ ಕೆಲಸದ ನಿಮಿತ್ತ’. ಕಾಯಿ ಆರಿಸಲು ಯಶವಂತಪುರದ ಮಂಡಿಗೇ ಹೋಗುವರು. ಮುಖ ಕೂರಬೇಕಾದ ಕಾಯಿಯ ಜುಟ್ಟು ನೆಟ್ಟಗಿರಬೇಕು, ಒಂದು ಬದಿ ಉಬ್ಬಿರಬಾರದು. ಒಂದೊಂದೇ ಕಾಯಿ ತಿರುಗಿಸಿ ನೋಡುವುದನ್ನು ಕಂಡು ಹಮಾಲಿಗಳು, ವಧುಪರೀಕ್ಷೆ ಮುಗೀತೇನಕ್ಕಾ ಎಂದು ಕೇಳುತ್ತಿದ್ದರಂತೆ. ಗುರುವಾರ ಬೆಳಿಗ್ಗೆ ಅವರ ಗಂಡ ಸ್ಕೂಟರಿನ ಹಿಂದೆ, ಕಲಶ ಕೂರಿಸಿ ಸೀರೆ ಸುತ್ತುವ ಕಬ್ಬಿಣದ ಸ್ಟ್ಯಾಂಡುಗಳನ್ನು ಕಟ್ಟಿಕೊಂಡು, ಹೆಬ್ಬಾಳ, ಆರ್.ಟಿ. ನಗರ, ಕೊಡಿಗೇಹಳ್ಳಿ ಎಂದು ಹೆಂಡತಿಯನ್ನು ಸುತ್ತಿಸುತ್ತಿದ್ದರು. ಆತ ಯಾರ ಮನೆಯೊಳಗೂ ಬರುತ್ತಿರಲಿಲ್ಲ. ಹೆಣ್ಣುಮಕ್ಕಳ ಹಬ್ಬ ಎಂದು ಗೇಟಿನ ಹೊರಗೆ ನಿಂತು ಪೇಪರ್ ಓದುತ್ತಿದ್ದರು. ಅಬ್ಬಿಗೆರೆಯ ತಮ್ಮ ಮನೆಯ ಮುಂದಿನ ಕೋಣೆ ಖಾಲಿ ಮಾಡಿ, ಹೆಂಡತಿಯ ಹೆಸರು ದೊಡ್ಡದಾಗಿ, ಕೆಳಗೆ ‘ಸೀರೆ ಅಲಂಕಾರ’ ಎಂದು ಒಂದು ಬೋರ್ಡು ಬರೆಸಿದ್ದರು. ಸುತ್ತೋಲೆಯ ಭಯಕ್ಕೆ ಇವರು ಅದನ್ನು ತೂಗುಹಾಕಿರಲಿಲ್ಲ. ರಿಟೈರಾದ ದಿನ ಸಂಜೆಯೇ ತೂಗುಹಾಕುವುದು ಎಂದು ಗಂಡಹೆಂಡತಿ ಮಾತಾಡಿಕೊಂಡಿದ್ದರಂತೆ.

ಎಲ್ಲರ ಮನೆಯಲ್ಲೂ ದುಡ್ಡಿಗೆ ಉಡಿಸುತ್ತಿದ್ದವರು ಕೊಡಿಗೇಹಳ್ಳಿಯ ನಮ್ಮ ಮನೆಯಲ್ಲಿ ಮಾತ್ರ ಬಿಟ್ಟಿ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಅರ್ಜಿಗೆ ನನ್ನ ಸಹಿ, ನನ್ನ ಲಕ್ಷ್ಮಿಗೆ ಅವರ ನೆರಿಗೆ. ಐದು ವರ್ಷ ಹೀಗೇ ನಡೆಯಿತು. ಇದಕ್ಕೆ ಲಂಚ ಎಂಬ ಹೆಸರಿದೆ ಎಂದು ನನಗೆ ಹೊಳೆಯಲೇ ಇಲ್ಲ. ಅವರನ್ನು ಪ್ರೋತ್ಸಾಹಿಸುತ್ತಿದ್ದೇನೆ ಎಂದುಕೊಂಡು ಒಳಗೊಳಗೇ ಬೀಗುತ್ತಿದ್ದೆ.

ಆರನೆಯ ವರ್ಷ, ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೆ, ಅವರ ಗಂಡ ಕಾರ್ಖಾನೆಯಲ್ಲೇ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಮಣ್ಣಿಗೆ ಹೋಗಿ ಬಂದೆವು. ಆ ಮುಂದಿನ ಕೋಣೆಯಲ್ಲಿ ಸ್ಟ್ಯಾಂಡುಗಳು ಒಂದರ ಮೇಲೊಂದು ಕೂತಿದ್ದವು, ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿತ್ತು. ಹದಿನೈದನೆಯ ದಿನಕ್ಕೆ ಅವರು ಕೆಲಸಕ್ಕೆ ಬಂದರು. ಪರೀಕ್ಷೆಯ ಕಾಲ, ಕೆಲಸ ಕುತ್ತಿಗೆಯವರೆಗೆ ಇತ್ತು. ಯಾರ ಮುಂದೆಯೂ ಅಳಲಿಲ್ಲ. ಕಾಗದ ಸಿಕ್ಕಿದರೆ ನೆರಿಗೆ ಹಿಡಿಯುವುದೂ ನಿಂತಿರಲಿಲ್ಲ.

ಆಷಾಢದಲ್ಲಿ ಫೋನುಗಳು ಬರತೊಡಗಿದವು. ಒಬ್ಬರು ಈ ಸಲ ಸಿಂಪಲ್ಲಾಗಿ ಮಾಡುತ್ತೇವೆ ಎಂದರು. ಒಬ್ಬರ ಮಗಳೇ ಕಲಿತುಬಿಟ್ಟಿದ್ದಳು. ಇನ್ನೊಬ್ಬರಿಗೆ ಮೈಲಿಗೆ, ಮತ್ತೊಬ್ಬರು ಊರಲ್ಲಿರುವುದಿಲ್ಲ. ನಿಜವಾದ ಕಾರಣವನ್ನು ಒಬ್ಬರೂ ಹೇಳಲಿಲ್ಲ. ಇವರೂ ಯಾರನ್ನೂ ಕೆದಕಲಿಲ್ಲ, ಆಗಲಿ ಬಿಡ್ರಿ ಎಂದು ಫೋನಿಟ್ಟು ಹಾಲ್ ಟಿಕೆಟ್ಟಿಗೆ ಸೀಲು ಒತ್ತುತ್ತಿದ್ದರು. ಹತ್ತು ಮನೆಯಲ್ಲಿ ಉಳಿದದ್ದು ಎರಡು. ಹೆಬ್ಬಾಳದ ಒಬ್ಬ ಡಾಕ್ಟರಮ್ಮ, ನೀವೇ ಬರಬೇಕು ಎಂದು ಹೇಳಿಕಳಿಸಿದ್ದರು. ಇನ್ನೊಂದು ನನ್ನ ಮನೆ.

ನನ್ನ ಮನೆಯಲ್ಲಿ ಅತ್ತೆಯಿದ್ದರು. ಹಳೆಯ ಕೊಡಿಗೇಹಳ್ಳಿಯವರು, ಹೊಲ ಇದ್ದಾಗಿನಿಂದ ಅದೇ ಮನೆಯಲ್ಲಿದ್ದವರು. ಅವರೂ ವಿಧವೆ. ಈ ಸಲವೂ ಸೀರೆ ಉಡಿಸಲು ನಮ್ಮ ಆಫೀಸಿನವರೇ ಬರುತ್ತಾರೆ ಎಂದು ನಾನು ಹೇಳಿದಾಗ ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಕೈ ನಿಲ್ಲಿಸಿದರು. “ನಮ್ಮನೇಲಿ ನಾನೇ ಮುಟ್ಟಾಕಿಲ್ಲ ಕಣವ್ವ. ಇಪ್ಪತ್ತೊರ್ಸದಿಂದ ಅಡುಗೆಮನೆ ಬಾಗ್ಲಲ್ಲಿ ನಿಂತ್ಕೊಂಡು ಕೈ ಮುಗೀತಾ ಇವ್ನಿ. ಅವ್ಳು ಬಂದು ಮುಟ್ಟದಾದ್ರೆ ನಾನ್ಯಾಕೆ ಇಂಗೆ ನಿಂತ್ಕಂಡಿದ್ದೆ?”

ಆ ಪ್ರಶ್ನೆಗೆ ಒಂದು ಉತ್ತರ ಇತ್ತು. ಇಬ್ಬರೂ ಮುಟ್ಟಿ ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಗಂಡ ಚೆನ್ನಾಗಿದ್ದಾನೆ, ಮಗಳ ಮದುವೆ ಆಗಬೇಕು, ಏನಾದರೂ ಹೆಚ್ಚುಕಮ್ಮಿಯಾದರೆ ಎಂಬ ಅಳುಕು ಅತ್ತೆಯದು ಮಾತ್ರ ಆಗಿರಲಿಲ್ಲ, ನನ್ನದೂ ಆಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಮಾರನೆಯ ವಾರ ಅವರು ಅರ್ಜಿ ತಂದಿಟ್ಟರು. ಅದೇ ಗುರುವಾರ, ಅದೇ ‘ಸ್ವಂತ ಕೆಲಸದ ನಿಮಿತ್ತ’. ನನ್ನ ಮನೆಗೆ ಬರಬೇಡಿ ಎಂದು ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ರಜೆ ಕೊಟ್ಟರೆ ಬಂದೇ ಬರುತ್ತಾರೆ. ಕೊಡದಿದ್ದರೆ ಬರಲಾಗುವುದಿಲ್ಲ, ನಾನೂ ಕೆಟ್ಟವಳಾಗುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೆಂಪು ಪೆನ್ನಿನಲ್ಲಿ ಬರೆದೆ: ‘ಪರೀಕ್ಷಾ ಕೆಲಸವಿರುವುದರಿಂದ ಮಂಜೂರು ಮಾಡಲಾಗಿಲ್ಲ.’

ಆ ಗುರುವಾರ ಯಾವ ಪರೀಕ್ಷೆಯೂ ಇರಲಿಲ್ಲ. ವೇಳಾಪಟ್ಟಿ ತಯಾರಿಸಿ, ಟೈಪು ಮಾಡಿ, ನೋಟಿಸ್ ಬೋರ್ಡಿಗೆ ಅಂಟಿಸಿದವರು ಅವರೇ. ಪರೀಕ್ಷಾ ವಿಭಾಗದವರಿಗೆ ಪರೀಕ್ಷೆ ಇದೆ ಎಂದು ಸುಳ್ಳು ಹೇಳಿದ ದಡ್ಡಿ ನಾನೊಬ್ಬಳೇ ಇರಬೇಕು. ಅವರು ಆ ಕೆಂಪಕ್ಷರವನ್ನು ಓದಿದರು, ಗೋಡೆಯ ಮೇಲಿದ್ದ ವೇಳಾಪಟ್ಟಿಯ ಕಡೆ ಒಮ್ಮೆ ತಿರುಗಿದರು, ಆಮೇಲೆ ನನ್ನನ್ನು ನೋಡಿದರು. “ಆತ್ರಿ ಮೇಡಮ್ರೀ” ಎಂದರು. ಅಷ್ಟೇ.

ಬೇಕಿದ್ದರೆ ಚಕ್ಕರ್ ಹೊಡೆಯಬಹುದಿತ್ತು, ಪ್ರಿನ್ಸಿಪಾಲರ ಹತ್ತಿರ ಹೋಗಬಹುದಿತ್ತು. ಎರಡೂ ಮಾಡಲಿಲ್ಲ. ಹೆಬ್ಬಾಳದ ಡಾಕ್ಟರಮ್ಮನಿಗೆ ನನ್ನ ಎದುರೇ ಫೋನ್ ಮಾಡಿ, ಆಫೀಸಿನಾಗ ಪರೀಕ್ಷಾ ಐತ್ರಿ, ಬರಲಾಕ ಆಗಂಗಿಲ್ಲ ಎಂದರು. ನನ್ನ ಸುಳ್ಳನ್ನು ನಾನು ಹೇಳಿದ್ದಕ್ಕಿಂತ ಮರ್ಯಾದೆಯಾಗಿ ಹೇಳಿದರು. ಆ ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಬಂದು ಕುರ್ಚಿಯಲ್ಲಿ ಕೂತರು. ಇಡೀ ದಿನ ಕೌಂಟರಿಗೆ ಒಂದು ನರಪಿಳ್ಳೆ ಬರಲಿಲ್ಲ. ಮಧ್ಯಾಹ್ನ ನೋಡುತ್ತೇನೆ, ನೀರಿನ ಕ್ಯಾನು ಖಾಲಿಯಾಗಿ ಮೂಲೆಯಲ್ಲಿತ್ತು, ಅವರು ಅದಕ್ಕೆ ಬೆನ್ನು ತಿರುಗಿಸಿ ಕೂತಿದ್ದರು.

ಡಾಕ್ಟರಮ್ಮ ಆ ವರ್ಷ ಆರ್.ಟಿ. ನಗರದ ಒಬ್ಬ ಹೆಂಗಸನ್ನು ಹಿಡಿದರು. ಆಕೆಯದು ಹೊಸ ಪದ್ಧತಿ. ವಾರ ಮುಂಚೆ ಸೀರೆ ಕೊಟ್ಟರೆ ಸಾಕು, ಸ್ಟ್ಯಾಂಡಿನ ಮೇಲೆ ಉಡಿಸಿದ ಲಕ್ಷ್ಮಿಯನ್ನೇ ಕಾರಿನಲ್ಲಿ ತಂದು ಇಳಿಸುವಳು. ಮುಖ, ಒಡವೆ ಇಟ್ಟುಕೊಳ್ಳುವುದಷ್ಟೇ ಮನೆಯವರ ಕೆಲಸ. ಹಣೆತುಂಬ ಕುಂಕುಮ, ಕೈತುಂಬ ಬಳೆ, ಮೊಬೈಲಿನ ತುಂಬ ಅವಳು ಉಡಿಸಿದ ಲಕ್ಷ್ಮಿಯರ ಫೋಟೋ. ಮರುವರ್ಷ ನಾನೂ ಆಕೆಗೆ ನನ್ನ ಅರಿಶಿನ ಬಣ್ಣದ ರೇಷ್ಮೆ ಸೀರೆ ಕೊಟ್ಟೆ. ಲಕ್ಷ್ಮಿ ಬಂದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿದರು. ಇಂಥ ಕಳೆ ಯಾವ ವರ್ಷವೂ ಇರಲಿಲ್ಲ, ಮುತ್ತೈದೆ ಕೈ ಅಂದ್ರೆ ಇದು ಎಂದರು.

ಶನಿವಾರ ಬೆಳಿಗ್ಗೆ ಸೀರೆ ಬಿಚ್ಚಲು ಕೂತೆ. ಎಲ್ಲೂ ಪಿನ್ನಿಲ್ಲ. ನೆರಿಗೆಯ ಒಳಗೆ ಕೈ ಹಾಕಿದರೆ ಬೆರಳಿಗೆ ತಣ್ಣಗೆ ತಗಡು ತಗುಲಿತು. ಬಿಳಿ ದಾರ, ಸೊಂಟದ ಹತ್ತಿರ ಕುಣಿಕೆ. ತುದಿ ಹಿಡಿದು ಎಳೆದೆ. ಐದು ವರ್ಷ ಜಾರಿ ಬಂದ ಹಾಗೆಯೇ ಸೀರೆ ಜಾರಿ ಮಡಿಲಿಗೆ ಬಂತು.

ಆರ್.ಟಿ. ನಗರದವಳು ಬರೀ ಕಾರಿನಲ್ಲಿ ತಿರುಗುವವಳು ಎಂದು ಆಗ ಗೊತ್ತಾಯಿತು. ಸೀರೆಗಳೆಲ್ಲ ಅಬ್ಬಿಗೆರೆಗೆ ಹೋಗುತ್ತಿದ್ದವು. ಆಫೀಸಿನಿಂದ ಸಂಜೆ ಮನೆಗೆ ಹೋಗಿ, ಬೋರ್ಡು ಗೋಡೆಗೆ ಮುಖ ಮಾಡಿದ ಆ ಕೋಣೆಯಲ್ಲಿ ಇವರು ಉಡಿಸುತ್ತಿದ್ದರು. ಈಗ ರಜೆಯೂ ಬೇಡ, ನನ್ನ ಸಹಿಯೂ ಬೇಡ. ಯಾರ ಹೊಸಿಲನ್ನೂ ದಾಟಬೇಕಾಗಿಲ್ಲ. ಹೆಸರು ಮಾತ್ರ ಇನ್ನೊಬ್ಬಳದು. ಅತ್ತೆ ಒಳಗಿನಿಂದ ಏನು ಸಿಕ್ಕಿತು ಎಂದು ಕೇಳಿದರು. ಏನಿಲ್ಲ, ದಾರ ಎಂದೆ. ಟ್ಯಾಗನ್ನು ಸುತ್ತಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ.

ಸೋಮವಾರ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಹಬ್ಬ ಆಯಿತೇ ಎಂದು ಕೇಳಿದರು. ಆಯಿತು ಎಂದೆ. ಚೆನ್ನಾಗಿ ಆಯಿತೇ ಎಂದರು. ಹೂಂ ಎಂದೆ. ಇನ್ನೂ ನಿಂತೇ ಇದ್ದರು, ಏನೋ ಕಾಗದಕ್ಕೆ ಕಾಯುವವರ ಹಾಗೆ. ನಾನು ಇಂಟರ್ನಲ್ ಮಾರ್ಕ್ಸ್ ಪಟ್ಟಿ ಎಲ್ಲಿಗೆ ಬಂತು ಎಂದು ಕೇಳಿದೆ. ಅವರು ಹೋಗಿ ಪಟ್ಟಿ ತಂದರು. ಮುಂದಿನ ವರ್ಷವೂ ಇದೇ ಆಯಿತು, ಅದರ ಮುಂದಿನ ವರ್ಷವೂ ಇದೇ. ನಾನು ಅಂದುಕೊಂಡದ್ದೇನೆಂದರೆ, ಅವರಿಗೆ ನನಗೆ ಗೊತ್ತಾಗಿರುವುದು ಗೊತ್ತಿಲ್ಲ. ಸುಮ್ಮನಿದ್ದರೆ ಅವರ ಕೆಲಸಕ್ಕೂ ಕುತ್ತಿಲ್ಲ, ನಮ್ಮ ಮನೆಯ ನೆಮ್ಮದಿಗೂ ಕುತ್ತಿಲ್ಲ. ಹೇಡಿಗೆ ನೆವ ಹುಡುಕುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಕಳೆದ ಸಂಕ್ರಾಂತಿಯ ಆಸುಪಾಸಿನಲ್ಲಿ ಅತ್ತೆ ತೀರಿಕೊಂಡರು. ಕಳೆದ ತಿಂಗಳು ಇವರ ಬೀಳ್ಕೊಡುಗೆ. ಸೂಪರಿಂಟೆಂಡೆಂಟ್ ಎರಡು ಮಾತಾಡಬೇಕಲ್ಲ, ಮಾತಾಡಿದೆ. ಇಷ್ಟು ವರ್ಷದ ಸೇವೆಯಲ್ಲಿ ಒಂದು ದಿನವೂ ರಜೆಯನ್ನು ದುರುಪಯೋಗ ಮಾಡಿಕೊಂಡವರಲ್ಲ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ವೇದಿಕೆಯ ಮೇಜಿಗೆ ಹಾಸಿದ್ದ ಅದೇ ಹಸಿರು ಬಟ್ಟೆಯ ಅಂಚನ್ನು ನೆರಿಗೆ ಹಿಡಿಯುತ್ತಾ ತಲೆ ಬಗ್ಗಿಸಿ ಕೂತಿದ್ದರು. ಕೊನೆಗೆ ಹೆಣ್ಣುಮಕ್ಕಳಿಗೆಲ್ಲ ಕುಂಕುಮದ ತಟ್ಟೆ ಹಿಡಿದರು. ತಟ್ಟೆ ಅವರ ಮುಂದೆ ಬಂದಾಗ ಸ್ವಲ್ಪ ಬೇಗ ನಡೆಯಿತು. ಅದನ್ನು ಹಿಡಿದಿದ್ದವಳು ನಾನಲ್ಲ ಎಂಬುದೊಂದೇ ನನ್ನ ಪುಣ್ಯ.

ಸಂಜೆ ಹಾರ, ಶಾಲು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಸ್ ಸ್ಟಾಪಿನವರೆಗೂ ಜೊತೆಗೆ ಹೋದೆ. ಇನ್ನು ನಿಮ್ಮದೇ ಕಾಲ, ಸುತ್ತೋಲೆಯ ಕಾಟವೂ ಇಲ್ಲ, ಬೋರ್ಡು ತೂಗುಹಾಕಿ ಎಂದೆ. ಅವರು ನಕ್ಕರು. ಆರ್.ಟಿ. ನಗರದವಳು ಈ ವರ್ಷದಿಂದ ಹೊಲಿಗೆ ಹಾಕಿದ ರೆಡಿಮೇಡ್ ಸೀರೆಗಳನ್ನೇ ತರಿಸುತ್ತಾಳಂತೆ, ಇವರ ಕೈ ಬೇಡವಂತೆ. ನನಗೆ ಮೊದಲೇ ಗೊತ್ತಿರುವ ಸಂಗತಿ ಎಂಬ ಹಾಗೆ ಹೇಳಿದರು. “ಆಗ ಮನಿ ಇದ್ವು, ರಜಾ ಸಿಗಲಿಲ್ಲ” ಎಂದರು. “ಈಗ ಬರೇ ರಜಾನ ಐತ್ರಿ.”

ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಹೇಳಿಯೇಬಿಟ್ಟೆ. ಈ ಸಲ ನಮ್ಮ ಮನೆಗೆ ನೀವೇ ಬಂದು ಉಡಿಸಬೇಕು, ಎಲ್ಲರ ಎದುರಿಗೆ, ಅತ್ತೆಯೂ ಈಗ ಇಲ್ಲ ಎಂದೆ. ಕೊನೆಯ ಮೂರು ಪದ ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳಲಾಗಲಿಲ್ಲ.

ಅವರು ಹಣ್ಣಿನ ಬುಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಸಿಟ್ಟಿನಲ್ಲಲ್ಲ, ಬಸ್ಸು ಬರುತ್ತಿತ್ತು.

“ಮೂರು ವರ್ಷ ನಿಮ್ಮ ಮನಿಗೆ ಬಂದೇನಲ್ರಿ ಮೇಡಮ್ರೀ” ಎಂದರು. “ಉಳಿದವರ ಸೀರಿಗೆಲ್ಲ ಹೊಲಿಗಿ ದಾರ ಕಟ್ಟತಿದ್ದೆ. ನಿಮ್ಮ ಸೀರಿ ನನಗ ಗುರ್ತು ಇತ್ತು. ನಿಮ್ಮದಕ್ಕಷ್ಟ ಟ್ಯಾಗ್ ಕಟ್ಟೀನಿ. ಸೋಮವಾರ ಏನರ ಅಂತೀರೇನೋ ಅಂತ ಬಂದು ನಿಂದರ್ತಿದ್ದೆ.”

ಬಸ್ಸು ನಿಂತಿತು, ಹತ್ತಿದರು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಟಿಕೆಟ್ಟು ತೆಗೆದುಕೊಂಡು ಅದನ್ನು ಬೆರಳಲ್ಲಿ ಮಡಿಸತೊಡಗಿದ್ದು ಕಾಣಿಸಿತು, ನನ್ನ ಕಡೆ ತಿರುಗಲಿಲ್ಲ.

ಮೂರು ಟ್ಯಾಗೂ ನನ್ನ ಆಫೀಸಿನ ಡ್ರಾಯರಿನಲ್ಲಿವೆ. ಅಲ್ಲಿಂದ ಅವರ ಕುರ್ಚಿಗೆ ನಾಲ್ಕು ಹೆಜ್ಜೆ. ಶ್ರಾವಣ ಹತ್ತಿರ ಬಂತು. ಈ ವರ್ಷ ಗುರುವಾರಕ್ಕೆ ಯಾರೂ ರಜೆ ಕೇಳಿಲ್ಲ.